ಕಡಿಮೆ ಬಜೆಟ್, ಸಲೀಸಾದ ಉಸಿರು: ಯಾವ ರೆಗ್ಯುಲೇಟರ್ ತೆಗೆದುಕೊಳ್ಳಲಿ?

ಕಡಲಹಾದಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ಕೂಬಾ ಡೈವಿಂಗ್‌ನ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿದ್ದೇನೆ. ಸೀಸನ್‌ನಲ್ಲಿ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುತ್ತೇನೆ, ರಜೆ ಹೊಂದಿದರೆ ಅಂಡಮಾನ್. ಮಾಸ್ಕ್, ಫಿನ್ಸ್, ಡೈವ್ ಕಂಪ್ಯೂಟರ್ ನನ್ನದೇ ಇದೆ. ಮುಂದಿನದು ರೆಗ್ಯುಲೇಟರ್, ಅಂದರೆ ಟ್ಯಾಂಕ್ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಉಪಕರಣ.

ಬಾಡಿಗೆ ರೆಗ್ಯುಲೇಟರ್‌ಗಳಲ್ಲಿ ಒಂದು ಚೆನ್ನಾಗಿದ್ದರೆ ಇನ್ನೊಂದು ಬಿಗಿ. ಟ್ಯಾಂಕ್ ಒತ್ತಡ 70 ಬಾರ್‌ಗೆ ಇಳಿಯುತ್ತಿದ್ದ ಹಾಗೆ ಪ್ರತಿ ಉಸಿರನ್ನೂ ಎಳೆದು ತೆಗೆಯಬೇಕು ಅನ್ನಿಸುತ್ತದೆ. ಅದರಿಂದ ಗಾಬರಿ, ಗಾಬರಿಯಿಂದ ಗಾಳಿ ಬೇಗ ಖಾಲಿ. ಸುಲಭವಾಗಿ ಉಸಿರಾಡಲು ಬರುವಂಥದ್ದು ಬೇಕು, ಆದರೆ ತುಂಬಾ ದುಡ್ಡು ಹಾಕಲು ಆಗುವುದಿಲ್ಲ. ಮೂರು ಪ್ರಶ್ನೆ. ಬ್ಯಾಲೆನ್ಸ್ಡ್ (ಟ್ಯಾಂಕ್ ಖಾಲಿಯಾಗುತ್ತಾ ಬಂದರೂ ಉಸಿರು ಬಿಗಿಯಾಗದಂಥದ್ದು) ಬೇಕೇ ಬೇಕಾ? ಸೆಕೆಂಡ್ ಹ್ಯಾಂಡ್ ನಂಬಬಹುದಾ? ಟ್ಯಾಂಕ್‌ಗೆ ಸೇರಿಸುವ ಎರಡು ಬಗೆಯಲ್ಲಿ ಡಿನ್ ತೆಗೆದುಕೊಳ್ಳಲಾ, ಯೋಕ್ ತೆಗೆದುಕೊಳ್ಳಲಾ?

ನೀಲಿಫಿನ್ಸ್ (ಮೈಸೂರು)

ಬ್ಯಾಲೆನ್ಸ್ಡ್ ಡಯಾಫ್ರಮ್ (ಟ್ಯಾಂಕ್ ಮೇಲೆ ಕೂರುವ ಭಾಗದ ವಾಲ್ವನ್ನು ರಬ್ಬರ್ ಪೊರೆ ನಡೆಸುವ ಬಗೆ) ತೆಗೆದುಕೊಳ್ಳಿ, ಬೇರೆ ಯೋಚನೆಯೇ ಬೇಡ. ಏಪೆಕ್ಸ್ ಎಕ್ಸ್‌ಎಲ್4 ಅಥವಾ ಅಕ್ವಾಲಂಗ್ ಕೋರ್. ಒಂದು ಸಲ ದುಡ್ಡು ಹಾಕಿದರೆ ಹತ್ತು ವರ್ಷ ನೋಡಬೇಕಾಗಿಲ್ಲ.

ಸ್ಪ್ಯಾನರ್ (ಕಾರವಾರ)

ಹತ್ತು ವರ್ಷ ನೋಡಬೇಕಾಗಿಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಗೋವಾದಲ್ಲಿ ರೆಗ್ಯುಲೇಟರ್ ಸರ್ವಿಸ್ ಮಾಡುವುದೇ ನನ್ನ ಕೆಲಸ. ದುಬಾರಿ ಸೆಟ್‌ಗಳು ಉಪ್ಪು ಹಿಡಿದು, ವಾಲ್ವ್ ಮುಚ್ಚುವ ಸೀಟ್ ಸವೆದು ನನ್ನ ಮೇಜಿಗೆ ಬರುತ್ತವೆ. ಅವುಗಳ ಪಕ್ಕದಲ್ಲೇ ಸರಿಯಾಗಿ ಟ್ಯೂನ್ ಮಾಡಿದ ಸಾದಾ ಪಿಸ್ಟನ್ ಸೆಟ್ (ರಬ್ಬರ್ ಪೊರೆಯ ಬದಲು ಪಿಸ್ಟನ್ ಇರುವುದು) ಬೆಣ್ಣೆಯ ಹಾಗೆ ಉಸಿರು ಕೊಡುತ್ತಿರುತ್ತದೆ. ಕಡಲಹಾದಿ ಅವರ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕಾದರೆ ಒಳಗೆ ಏನು ನಡೆಯುತ್ತದೆ ಅಂತ ಮೊದಲು ಹೇಳಬೇಕು. ಸ್ವಲ್ಪ ಉದ್ದ ಆಗುತ್ತದೆ, ಓದಿ.

ತುಂಬಿದ ಟ್ಯಾಂಕ್‌ನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಟ್ಯಾಂಕ್ ಮೇಲೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9ರಿಂದ 10 ಬಾರ್ ಜಾಸ್ತಿ ಇರುವ ಮಟ್ಟಕ್ಕೆ ಇಳಿಸಿ ಹೋಸ್‌ಗೆ ಕೊಡುತ್ತದೆ. ಇದಕ್ಕೆ ಐಪಿ ಅನ್ನುತ್ತೇವೆ, ಇಂಟರ್‌ಮೀಡಿಯೆಟ್ ಪ್ರೆಶರ್. ಬಾಯಲ್ಲಿರುವ ಸೆಕೆಂಡ್ ಸ್ಟೇಜ್ ಅದನ್ನು ನೀರಿನ ಒತ್ತಡದ ಮಟ್ಟಕ್ಕೇ ತರುತ್ತದೆ. ನೀವು ಉಸಿರು ಎಳೆದಾಗ ಒಳಗಿನ ರಬ್ಬರ್ ಡಯಾಫ್ರಮ್ ಬಾಗಿ ಒಂದು ಲಿವರ್ ಒತ್ತುತ್ತದೆ, ವಾಲ್ವ್ ತೆರೆಯುತ್ತದೆ. ವಾಲ್ವ್ ತೆರೆಯಲು ಎಷ್ಟು ಎಳೆಯಬೇಕೋ ಅದೇ ಕ್ರ್ಯಾಕಿಂಗ್ ಎಫರ್ಟ್. ಚೆನ್ನಾಗಿ ಟ್ಯೂನ್ ಆದ ಸೆಟ್‌ನಲ್ಲಿ ಇದು ಒಂದರಿಂದ ಒಂದೂವರೆ ಇಂಚು ಎತ್ತರದ ನೀರಿನ ಒತ್ತಡದಷ್ಟು ಮಾತ್ರ.

ಸಾದಾ, ಅಂದರೆ ಅನ್‌ಬ್ಯಾಲೆನ್ಸ್ಡ್, ಪಿಸ್ಟನ್ ಫಸ್ಟ್ ಸ್ಟೇಜ್‌ನಲ್ಲಿ ಟ್ಯಾಂಕ್ ಒತ್ತಡವೇ ವಾಲ್ವ್ ತೆರೆಯಲು ಸ್ವಲ್ಪ ಸಹಾಯ ಮಾಡುತ್ತದೆ. ಟ್ಯಾಂಕ್ ಖಾಲಿಯಾದಂತೆ ಆ ಸಹಾಯ ಕಡಿಮೆಯಾಗಿ ಐಪಿ ಇಳಿಯುತ್ತದೆ. ಸೆಕೆಂಡ್ ಸ್ಟೇಜ್ ಕೂಡ ಅನ್‌ಬ್ಯಾಲೆನ್ಸ್ಡ್ ಆದರೆ, ಅಲ್ಲಿರುವ ಸ್ಪ್ರಿಂಗ್ ಪೂರ್ತಿ ಐಪಿಯನ್ನು ತಡೆಯುವ ಹಾಗೆ ಸೆಟ್ ಆಗಿರುತ್ತದೆ. ಐಪಿ ಇಳಿದರೂ ಸ್ಪ್ರಿಂಗ್ ಅದೇ ಬಲದಲ್ಲಿ ಒತ್ತುತ್ತಲೇ ಇರುತ್ತದೆ. ಆ ವ್ಯತ್ಯಾಸವನ್ನು ನಿಮ್ಮ ಎದೆ ತುಂಬಬೇಕು. ನಿಮಗೆ 70 ಬಾರ್‌ನಲ್ಲಿ ಬಿಗಿ ಅನ್ನಿಸುವುದು ಬಹುಶಃ ಇದರಿಂದಲೇ. ಆದರೆ ಒಳ್ಳೆಯ ಸ್ಥಿತಿಯಲ್ಲಿರುವ ಸೆಟ್‌ನಲ್ಲಿ ಇದು ಸಣ್ಣ ಬದಲಾವಣೆ ಅಷ್ಟೇ. ಗಾಬರಿ ಹುಟ್ಟಿಸುವಷ್ಟು ಬಿಗಿ ಇತ್ತು ಅಂದರೆ ಆ ಸೆಟ್‌ಗೆ ಸರ್ವಿಸ್ ಆಗಿಲ್ಲ ಅಂತಲೇ ನನ್ನ ಅಂದಾಜು.

ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜ್‌ನಲ್ಲಿ ಟ್ಯಾಂಕ್ 200 ಇದ್ದರೂ 50 ಇದ್ದರೂ ಐಪಿ ಹೆಚ್ಚುಕಡಿಮೆ ಒಂದೇ. ಬ್ಯಾಲೆನ್ಸ್ಡ್ ಸೆಕೆಂಡ್ ಸ್ಟೇಜ್‌ನಲ್ಲಿ ವಾಲ್ವ್‌ನ ಹಿಂದೆಯೂ ಗಾಳಿಯ ಒತ್ತಡ ಸಿಗುವುದರಿಂದ ಹಗುರ ಸ್ಪ್ರಿಂಗ್ ಸಾಕಾಗುತ್ತದೆ.

ಬಜೆಟ್ ಕಡಿಮೆ ಇದ್ದವರಿಗೆ ನನ್ನ ಸಲಹೆ ಇದು. ಫಸ್ಟ್ ಸ್ಟೇಜ್ ಬ್ಯಾಲೆನ್ಸ್ಡ್ ಇರಲಿ, ಸೆಕೆಂಡ್ ಸ್ಟೇಜ್ ಸಾದಾ ಆದರೂ ನಡೆಯುತ್ತದೆ. ಐಪಿ ಸ್ಥಿರವಾಗಿದ್ದರೆ ಸಾದಾ ಸೆಕೆಂಡ್ ಸ್ಟೇಜನ್ನೂ ಹಗುರವಾಗಿ ಟ್ಯೂನ್ ಮಾಡಬಹುದು, ಅದು ಡೈವ್ ಪೂರ್ತಿ ಹಾಗೇ ಇರುತ್ತದೆ. ಕ್ರೆಸ್ಸಿ ಎಂಸಿ9, ಸ್ಕೂಬಾಪ್ರೋ ಎಂಕೆ11, ಏಪೆಕ್ಸ್ ಡಿಎಸ್4 ಈ ಥರದ ಫಸ್ಟ್ ಸ್ಟೇಜ್‌ಗಳು.

ಮುರ್ಡೇಶ್ವರ ಇನ್‌ಸ್ಟ್ರಕ್ಟರ್

ಸ್ಪ್ಯಾನರ್ ಸರ್ ಹೇಳಿದ್ದು ಸರಿ. ಆದರೂ ಸಾದಾ ಪಿಸ್ಟನ್ ಪರವಾಗಿ ಒಂದು ಮಾತು ಹೇಳಬೇಕು. ನೇತ್ರಾಣಿಯಲ್ಲಿ ನಮ್ಮ ಹೆಚ್ಚಿನ ಡೈವ್ 18 ಮೀಟರ್ ಒಳಗೇ ಮುಗಿಯುತ್ತದೆ. ನೀರು ಬೆಚ್ಚಗಿರುತ್ತದೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರ, ಬೋಟ್‌ನಲ್ಲಿ ಬಿಡಿಭಾಗ ಸಿಗುವುದಿಲ್ಲ. ಇಂಥ ಕಡೆ ಸ್ಕೂಬಾಪ್ರೋ ಎಂಕೆ2 ಫಸ್ಟ್ ಸ್ಟೇಜ್ ಜೊತೆಗೆ ಆರ್195 ಸೆಕೆಂಡ್ ಸ್ಟೇಜ್, ಅಥವಾ ಕ್ರೆಸ್ಸಿ ಎಸಿ2 ಥರದ ಸೆಟ್‌ಗಳು ವರ್ಷಗಟ್ಟಲೆ ದುಡಿಯುತ್ತವೆ. ಪ್ರಪಂಚದ ಎಷ್ಟೋ ಡೈವ್ ಸೆಂಟರ್‌ಗಳು ಬಾಡಿಗೆಗೆ ಇವನ್ನೇ ಇಡುವುದು ಸುಮ್ನೆ ಅಲ್ಲ. ಚಲಿಸುವ ಭಾಗಗಳು ಕಡಿಮೆ, ಒ-ರಿಂಗ್‌ಗಳು (ಸೋರಿಕೆ ತಡೆಯುವ ರಬ್ಬರ್ ಉಂಗುರಗಳು) ಕಡಿಮೆ, ಸರ್ವಿಸ್ ಸುಲಭ. ಕೆಟ್ಟರೂ ಗಾಳಿ ನಿಲ್ಲುವುದಕ್ಕಿಂತ ಜಾಸ್ತಿ ಹರಿಯುವ ಕಡೆಗೇ ಕೆಡುತ್ತವೆ.

ದುಡ್ಡು ತೀರಾ ಬಿಗಿ ಇದ್ದರೆ ಇವು ಸಾಕು. 30 ಮೀಟರ್‌ಗೆ ಆಗಾಗ ಇಳಿಯುತ್ತೀರಿ, ನೀರಿನ ಸೆಳೆತದಲ್ಲಿ ಈಜುತ್ತೀರಿ ಅಂದರೆ ಮಾತ್ರ ಬ್ಯಾಲೆನ್ಸ್ಡ್ ಕಡೆ ನೋಡಿ. 30 ಮೀಟರ್‌ನಲ್ಲಿ ಒತ್ತಡ 4 ಬಾರ್, ಗಾಳಿ ಮೇಲಿಗಿಂತ ನಾಲ್ಕು ಪಟ್ಟು ದಟ್ಟ. ಇಬ್ಬರು ಒಂದೇ ಟ್ಯಾಂಕ್‌ನಿಂದ ಉಸಿರಾಡುವ ಪರಿಸ್ಥಿತಿ ಬಂದರೆ ಅಲ್ಲಿ ಫಸ್ಟ್ ಸ್ಟೇಜ್‌ನ ತಾಕತ್ತು ಗೊತ್ತಾಗುತ್ತದೆ.

ನೀಲಿಫಿನ್ಸ್ (ಮೈಸೂರು)

ಅದಕ್ಕೇ ನಾನು ಬ್ಯಾಲೆನ್ಸ್ಡ್ ಅಂದಿದ್ದು. ಆ ಒಂದು ದಿನ ಬಂದಾಗ ಎದುರಿಗೆ ಇರುವವರು ನಮ್ಮ ಡೈವ್ ಜೊತೆಗಾರರು. ನಮ್ಮ ಉಸಿರಿನ ಜೊತೆ ಅವರ ಉಸಿರೂ ಅದೇ ಫಸ್ಟ್ ಸ್ಟೇಜ್‌ನಿಂದ ಬರಬೇಕು. ಆ ದುಡ್ಡು ಉಳಿಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ಪ್ಯಾನರ್ (ಕಾರವಾರ)

ಭಾವನೆ ಅರ್ಥ ಆಗುತ್ತದೆ. ಆದರೆ ಇದಕ್ಕೆ ಅಳತೆಯೂ ಇದೆ. ಯುರೋಪಿನ ಇಎನ್250 ಮಾನದಂಡದಲ್ಲಿ ರೆಗ್ಯುಲೇಟರನ್ನು 50 ಮೀಟರ್ ಆಳದ ಒತ್ತಡದಲ್ಲಿ, ನಿಮಿಷಕ್ಕೆ 62.5 ಲೀಟರ್ ಉಸಿರಾಟದಲ್ಲಿ ಯಂತ್ರಕ್ಕೆ ಹಾಕಿ ಪರೀಕ್ಷೆ ಮಾಡುತ್ತಾರೆ. ಉಸಿರಾಡುವ ಶ್ರಮ ಲೀಟರ್‌ಗೆ 3 ಜೂಲ್ ದಾಟಬಾರದು. 62.5 ಲೀಟರ್ ಅಂದರೆ ಜೋರಾಗಿ ದುಡಿಯುವವರ ಉಸಿರು. ನೇತ್ರಾಣಿಯಲ್ಲಿ ಮೀನು ನೋಡುತ್ತಾ ತೇಲುವವರಿಗೆ ಅದರ ಅರ್ಧವೂ ಬೇಕಾಗುವುದಿಲ್ಲ. ಹೆಸರಾಂತ ಕಂಪನಿಗಳ ಕಡಿಮೆ ಬೆಲೆಯ ಆರಂಭದ ಸೆಟ್‌ಗಳೂ ಈ ಪರೀಕ್ಷೆ ದಾಟಿ ಬಂದವೇ. ಮಾದರಿಯ ಹೆಸರಿಗಿಂತ ಮುಂಚೆ ಇಎನ್250 ಗುರುತು ಇದೆಯಾ ನೋಡಿ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ, ಹೆಸರೇ ಕೇಳಿರದ ಸೆಟ್‌ಗೆ ಸರ್ವಿಸ್ ಕಿಟ್ ಸಿಗುತ್ತದಾ ಕೇಳಿ. ಸಿಗದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಚಳಿನೀರು (ಇಂಗ್ಲೆಂಡ್)

ಧಾರವಾಡದವಳು, ಈಗ ಲೆಸ್ಟರ್‌ಶೈರ್‌ನಲ್ಲಿದ್ದೇನೆ. ನಾವು ಡೈವ್ ಮಾಡುವುದು ಸ್ಟೋನಿ ಕೋವ್ ಅನ್ನುವ ನೀರು ತುಂಬಿದ ಹಳೆಯ ಕಲ್ಲುಕ್ವಾರಿಯಲ್ಲಿ. ಚಳಿಗಾಲದಲ್ಲಿ ನೀರು 10 ಡಿಗ್ರಿಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ಇಲ್ಲಿ ಆಯ್ಕೆಯ ಲೆಕ್ಕವೇ ಬೇರೆ. ಒತ್ತಿ ತುಂಬಿದ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ. ನೀರೂ ತಣ್ಣಗಿದ್ದರೆ ಫಸ್ಟ್ ಸ್ಟೇಜ್‌ನಲ್ಲಿ ಐಸ್ ಕಟ್ಟಿ ವಾಲ್ವ್ ತೆರೆದೇ ನಿಲ್ಲಬಹುದು, ಗಾಳಿ ಸುರಿದುಹೋಗುತ್ತದೆ. ಅದಕ್ಕೇ ಇಲ್ಲಿ ನೀರು ಒಳಗೆ ಹೋಗದ ಹಾಗೆ ಸೀಲ್ ಆದ ಡಯಾಫ್ರಮ್ ಬೇಕು.

ಕೆಲವು ರೆಗ್ಯುಲೇಟರ್ ಮೇಲೆ 10 ಡಿಗ್ರಿಗಿಂತ ಹೆಚ್ಚು ಅನ್ನುವ ಗುರುತು ಇರುತ್ತದೆ. ಅದು ಬೆಚ್ಚನೆ ನೀರಿಗೆ ಮಾತ್ರ ಅಂತ ಅರ್ಥ. ನಮಗೆ ಅದು ನಡೆಯುವುದಿಲ್ಲ, ನಿಮಗೆ ಪೂರ್ತಿ ನಡೆಯುತ್ತದೆ. ನೇತ್ರಾಣಿ, ಅಂಡಮಾನ್ ನೀರಿಗೆ ಚಳಿ ಸೀಲ್‌ಗಾಗಿ ಜಾಸ್ತಿ ದುಡ್ಡು ಕೊಡಬೇಡಿ. ಅಲ್ಲಿ ಉಳಿಸಿದ್ದನ್ನು ಒಳ್ಳೆಯ ಸೆಕೆಂಡ್ ಸ್ಟೇಜ್‌ಗೆ ಹಾಕಿ.

ಉಸಿರು ಬಿಡುವ ಕಡೆಯೂ ಗಮನ ಇರಲಿ. ಎಲ್ಲರೂ ಎಳೆಯುವ ಬಗ್ಗೆಯೇ ಕೇಳುತ್ತಾರೆ. ಉಸಿರು ಬಿಡುವಾಗ ಎಕ್ಸಾಸ್ಟ್ ವಾಲ್ವ್ ತಳ್ಳಬೇಕು. ಸೆಕೆಂಡ್ ಸ್ಟೇಜ್ ತೀರಾ ಚಿಕ್ಕದಿದ್ದು ಆ ವಾಲ್ವ್ ಕೂಡ ಸಣ್ಣದಿದ್ದರೆ ಇಲ್ಲಿಯೇ ಆಯಾಸ ಶುರುವಾಗುತ್ತದೆ. ಅಂಗಡಿಯಲ್ಲಿ ಯಾವ ನಾಬ್ ತಿರುಗಿಸಿದರೂ ಇದು ಸರಿಹೋಗುವುದಿಲ್ಲ.

ಕಡಲಹಾದಿ (ಬೆಂಗಳೂರು)

ಉಸಿರು ಬಿಡುವ ವಿಷಯ ನನಗೆ ಹೊಳೆದೇ ಇರಲಿಲ್ಲ ಮೇಡಂ, ಥ್ಯಾಂಕ್ಸ್. ಇನ್ನೊಂದು ಅನುಮಾನ. ಒಂದೇ ರೆಗ್ಯುಲೇಟರ್, ಒಂದೇ ಡೈವ್. ನೇರ ನಿಂತಾಗ ಬಿಗಿ, ಅಡ್ಡಲಾಗಿ ಈಜುವಾಗ ಹಗುರ. ಇದು ಯಾಕೆ?

ಹಳೇಹೋಸ್ (ಶಿವಮೊಗ್ಗ)

ಈ ಪ್ರಶ್ನೆ ರೆಗ್ಯುಲೇಟರ್‌ನಷ್ಟೇ ಹಳೆಯದು. 1943ರಲ್ಲಿ ಫ್ರಾನ್ಸ್‌ನಲ್ಲಿ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ತಮ್ಮ ಉಪಕರಣವನ್ನು ಮಾರ್ನ್ ನದಿಯಲ್ಲಿ ಪರೀಕ್ಷೆ ಮಾಡಿದರು. ಯುದ್ಧದ ಕಾಲ, ಪೆಟ್ರೋಲ್ ಇರಲಿಲ್ಲ. ಕಾರುಗಳನ್ನು ಗ್ಯಾಸ್‌ನಲ್ಲಿ ಓಡಿಸಲು ಗಾನ್ಯಾಂ ಮಾಡಿದ್ದ ವಾಲ್ವ್‌ನಿಂದಲೇ ಇದು ಹುಟ್ಟಿದ್ದು. ನದಿಯಲ್ಲಿ ಅಡ್ಡಲಾಗಿ ಈಜಿದಾಗ ಉಸಿರು ಸರಿ ಇತ್ತು. ನೇರ ನಿಂತರೆ ಗಾಳಿ ಸುಮ್ನೆ ಸೋರಿಹೋಗುತ್ತಿತ್ತು, ತಲೆಕೆಳಗಾದರೆ ಎಳೆಯಲು ಕಷ್ಟ. ಗಾಳಿ ಹೊರಹೋಗುವ ಜಾಗ ಮತ್ತು ಡಯಾಫ್ರಮ್ ಬೇರೆ ಬೇರೆ ಎತ್ತರದಲ್ಲಿ ಇದ್ದದ್ದೇ ಕಾರಣ. ಎರಡನ್ನೂ ಅಕ್ಕಪಕ್ಕ ತಂದ ಮೇಲೆ ಸರಿಹೋಯಿತು.

ನೀರಿನೊಳಗೆ ಎತ್ತರದ ವ್ಯತ್ಯಾಸ ಅಂದರೆ ಒತ್ತಡದ ವ್ಯತ್ಯಾಸ. ನೀವು ನೇರ ನಿಂತಾಗ ಶ್ವಾಸಕೋಶ ಬಾಯಿಗಿಂತ ಸುಮಾರು ಒಂದು ಗೇಣು ಕೆಳಗಿರುತ್ತದೆ. ರೆಗ್ಯುಲೇಟರ್ ಕೊಡುವುದು ಬಾಯಿಯ ಮಟ್ಟದ ಒತ್ತಡದ ಗಾಳಿ. ಎದೆಯ ಮೇಲೆ ಅದಕ್ಕಿಂತ ಜಾಸ್ತಿ ನೀರಿನ ಒತ್ತಡ ಇದೆ. ಆ ಒಂದು ಗೇಣು ನೀರನ್ನು ನಿಮ್ಮ ಎದೆಯೇ ತಳ್ಳಬೇಕು. ಸ್ಪ್ಯಾನರ್ ಹೇಳಿದ ಒಂದೂವರೆ ಇಂಚಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಮುಖ ಕೆಳಗೆ ಮಾಡಿ ಅಡ್ಡಲಾಗಿ ಮಲಗಿದರೆ ರೆಗ್ಯುಲೇಟರ್ ಎದೆಗಿಂತ ಸ್ವಲ್ಪ ಕೆಳಗೇ ಬರುತ್ತದೆ, ಉಸಿರು ಹಗುರವಾಗುತ್ತದೆ. ಬೆಲೆ ಎಷ್ಟೇ ಇರಲಿ, ಯಾವ ರೆಗ್ಯುಲೇಟರೂ ಈ ವ್ಯತ್ಯಾಸವನ್ನು ತೆಗೆಯಲಾರದು. ಅಡ್ಡಲಾಗಿ ಈಜುವುದನ್ನು ಚೆನ್ನಾಗಿ ಕಲಿಯುವುದಕ್ಕೆ ದುಡ್ಡು ಬೇಡ, ಅಲ್ವಾ?

ಮುರ್ಡೇಶ್ವರ ಇನ್‌ಸ್ಟ್ರಕ್ಟರ್

ಇದನ್ನು ಪ್ರತಿ ಸೀಸನ್‌ನಲ್ಲೂ ನೋಡುತ್ತೇನೆ. ಸೊಂಟಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ತೂಕ ಕಟ್ಟಿಕೊಂಡು ಕಾಲು ಕೆಳಗೆ ಬಿಟ್ಟು ಈಜುತ್ತಾರೆ. ಮೈ ದುಡಿಯುತ್ತದೆ, ಕಾರ್ಬನ್ ಡೈ ಆಕ್ಸೈಡ್ ಏರುತ್ತದೆ. ಆಗ ಗಾಳಿ ಸಾಲುತ್ತಿಲ್ಲ ಅನ್ನಿಸುತ್ತದೆ. ಎಲ್ಲರೂ ದೂರುವುದು ರೆಗ್ಯುಲೇಟರನ್ನು. ಇಂಥ ಹೊತ್ತಲ್ಲಿ ಈಜುವುದನ್ನು ನಿಲ್ಲಿಸಿ, ಏನನ್ನಾದರೂ ಹಿಡಿದುಕೊಂಡು, ಉಸಿರನ್ನು ಉದ್ದಕ್ಕೆ ಪೂರ್ತಿ ಹೊರಗೆ ಬಿಡಿ. ಎರಡು ನಿಮಿಷದಲ್ಲಿ ಅದೇ ರೆಗ್ಯುಲೇಟರ್ ಸರಿಯಾಗಿ ಕೆಲಸ ಮಾಡುತ್ತದೆ.

ಇದನ್ನಂತೂ ಎಲ್ಲರೂ ನೆನಪಿಡಿ. ಏದುಸಿರಿನ ಜೊತೆ ಕೆಮ್ಮು, ಎದೆಯಲ್ಲಿ ಗೊರಗೊರ ಸದ್ದು, ನೊರೆ ಕಫ ಬಂದರೆ ಅದು ರೆಗ್ಯುಲೇಟರ್ ವಿಷಯ ಅಲ್ಲ. ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಡೈವ್ ಅಲ್ಲಿಗೇ ನಿಲ್ಲಿಸಿ, ನಿಧಾನವಾಗಿ ಮೇಲೆ ಬಂದು, ಆಕ್ಸಿಜನ್ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ.

ಮಸ್ಕತ್ ಕನ್ನಡಿಗ

ಡಿನ್, ಯೋಕ್ ಬಗ್ಗೆ ಯಾರೂ ಹೇಳಲಿಲ್ಲ. ಯೋಕ್ ಅಂದರೆ ಟ್ಯಾಂಕ್ ವಾಲ್ವ್ ಮೇಲೆ ಕೂತು ಹಿಂದಿನಿಂದ ಸ್ಕ್ರೂ ಬಿಗಿಯುವುದು. ಡಿನ್ ಅಂದರೆ ವಾಲ್ವ್ ಒಳಗೇ ತಿರುಗಿಸಿ ಹಾಕುವುದು. ಉಸಿರಿನ ಸಲೀಸಿಗೂ ಇದಕ್ಕೂ ಸಂಬಂಧ ಇಲ್ಲ. ಡಿನ್‌ನಲ್ಲಿ ಒ-ರಿಂಗ್ ಒಳಗೆ ಬಂಧಿಯಾಗಿರುವುದರಿಂದ ಅದು ಹೊರಗೆ ಚಿಮ್ಮುವ ಭಯ ಕಡಿಮೆ. ಆದರೆ ನಾನು ಒಮಾನ್‌ನ ದಿಮಾನಿಯತ್ ದ್ವೀಪಗಳಲ್ಲಿ, ಊರಿಗೆ ಬಂದಾಗ ಗೋವಾದಲ್ಲಿ ಡೈವ್ ಮಾಡುವವನು. ಎರಡೂ ಕಡೆ ನನಗೆ ಸಿಕ್ಕ ಟ್ಯಾಂಕ್‌ಗಳು ಯೋಕ್‌ನವೇ. ಡಿನ್ ಇಷ್ಟ ಅಂದರೆ ಯೋಕ್ ಅಡಾಪ್ಟರ್ ಒಂದನ್ನು ಬ್ಯಾಗಿನಲ್ಲೇ ಇಟ್ಟಿರಿ. ಬಜೆಟ್ ಕಡಿಮೆ ಇದ್ದು ಇಲ್ಲೇ ಸುತ್ತಮುತ್ತ ಡೈವ್ ಮಾಡುವವರಿಗೆ ಯೋಕ್ ಸಾಕು.

ಇನ್ನು ಬೆಲೆ. ಹೊರದೇಶದ ಅಂಗಡಿಗಳಲ್ಲಿ ಆರಂಭದ ಪಿಸ್ಟನ್ ಸೆಟ್‌ಗಳು ಸಾಮಾನ್ಯವಾಗಿ 200ರಿಂದ 400 ಡಾಲರ್ ಒಳಗೆ ಸಿಗುತ್ತವೆ. ಆದರೆ ಸೆಟ್ ಅಂದರೆ ಎಷ್ಟೋ ಸಲ ಫಸ್ಟ್ ಸ್ಟೇಜ್ ಮತ್ತು ಒಂದು ಸೆಕೆಂಡ್ ಸ್ಟೇಜ್ ಮಾತ್ರ. ಆಕ್ಟೋಪಸ್ (ಜೊತೆಗಾರರಿಗೆ ಬೇಕಾದರೆ ಕೊಡಲು ಇರುವ ಇನ್ನೊಂದು ಸೆಕೆಂಡ್ ಸ್ಟೇಜ್), ಪ್ರೆಶರ್ ಗೇಜ್, ಬಿಸಿಡಿಗೆ (ತೇಲುವುದನ್ನು ಹೊಂದಿಸುವ ಜಾಕೆಟ್) ಗಾಳಿ ಕೊಡುವ ಹೋಸ್ ಬೇರೆ. ಎಲ್ಲ ಕೂಡಿಸಿ ಲೆಕ್ಕ ಹಾಕಿ. ಊರಿಗೆ ತರಿಸಿದರೆ ಕಸ್ಟಮ್ಸ್, ಕೊರಿಯರ್ ಸೇರುತ್ತದೆ. ವಾರಂಟಿ ಭಾರತದಲ್ಲಿ ನಡೆಯುತ್ತದಾ ಅಂತ ಬರೆಸಿಕೊಳ್ಳಿ.

ಕಡಲಹಾದಿ (ಬೆಂಗಳೂರು)

ಸರಿ, ಯೋಕ್ ಅಂತ ತೀರ್ಮಾನ ಆಯಿತು. ಪರಿಚಯದವರೊಬ್ಬರು ಬ್ಯಾಲೆನ್ಸ್ಡ್ ಡಯಾಫ್ರಮ್ ಸೆಟ್ ಮಾರುತ್ತಿದ್ದಾರೆ. ಹೊಸ ಪಿಸ್ಟನ್ ಸೆಟ್‌ಗಿಂತ ಕಡಿಮೆಗೆ ಕೊಡುತ್ತಾರಂತೆ. ಏನು ನೋಡಬೇಕು?

ಸ್ಪ್ಯಾನರ್ (ಕಾರವಾರ)

ನಾನು ಸೆಕೆಂಡ್ ಹ್ಯಾಂಡ್ ವಿರೋಧಿ ಅಲ್ಲ. ಕಡಿಮೆ ದುಡ್ಡಿಗೆ ಹಗುರ ಉಸಿರು ಬೇಕಾದವರಿಗೆ ಅದೇ ಒಳ್ಳೆಯ ದಾರಿ. ಆದರೆ ಬೆಲೆಗೆ ಪೂರ್ತಿ ಸರ್ವಿಸ್ ಖರ್ಚು ಸೇರಿಸಿ ನೋಡಿ. ಮಾರುವವರು ಹೋದ ತಿಂಗಳೇ ಸರ್ವಿಸ್ ಮಾಡಿಸಿದ್ದೇನೆ ಅಂದರೂ ಬಿಲ್ ಇಲ್ಲದಿದ್ದರೆ ಆಗಿಲ್ಲ ಅಂತಲೇ ತಿಳಿಯಿರಿ. ಆ ಮಾದರಿಗೆ ಸರ್ವಿಸ್ ಕಿಟ್ ಈಗಲೂ ಬರುತ್ತಾ ಅಂತ ಹಣ ಕೊಡುವ ಮುಂಚೆಯೇ ಟೆಕ್ನೀಷಿಯನ್‌ಗೆ ಫೋನ್ ಮಾಡಿ ಕೇಳಿ.

ನೋಡಲು ಹೋದಾಗ ಮೊದಲು ಫಸ್ಟ್ ಸ್ಟೇಜ್‌ನ ಬಾಯಲ್ಲಿರುವ ಫಿಲ್ಟರ್ ನೋಡಿ. ಹಸಿರು ಬಣ್ಣ ಇದ್ದರೆ ಉಪ್ಪುನೀರು ಒಳಗೆ ಹೋಗಿದೆ. ಕಂದು ಬಣ್ಣ ಇದ್ದರೆ ತುಕ್ಕು, ಅದು ಟ್ಯಾಂಕ್‌ನಿಂದ ಬಂದದ್ದಿರಬಹುದು. ಹೋಸ್‌ಗಳನ್ನು ಬಗ್ಗಿಸಿ ಬಿರುಕು ಹುಡುಕಿ. ಮೌತ್‌ಪೀಸ್ ಹರಿದಿದ್ದರೆ ಚಿಂತೆ ಇಲ್ಲ, ಹೇಗೂ ಹೊಸದು ಹಾಕುತ್ತೀರಿ.

ಟ್ಯಾಂಕ್‌ಗೆ ಹಾಕುವ ಮುಂಚೆ ಫಸ್ಟ್ ಸ್ಟೇಜ್‌ನ ಬಾಯಿಗೆ ಡಸ್ಟ್ ಕ್ಯಾಪ್ ಮುಚ್ಚಿ ಸೆಕೆಂಡ್ ಸ್ಟೇಜ್‌ನಿಂದ ಉಸಿರು ಎಳೆಯಿರಿ. ಏನೂ ಬರಬಾರದು. ಗಾಳಿ ಬಂದರೆ ಡಯಾಫ್ರಮ್ ಅಥವಾ ಎಕ್ಸಾಸ್ಟ್ ವಾಲ್ವ್ ಸೋರುತ್ತಿದೆ. ಕ್ಯಾಪ್ ಸರಿಯಾಗಿ ಕೂತಿದೆಯಾ ಅಂತ ಮಾತ್ರ ಮೊದಲು ನೋಡಿಕೊಳ್ಳಿ.

ಆಮೇಲೆ ಟ್ಯಾಂಕ್‌ಗೆ ಹಾಕಿ, ಬಿಸಿಡಿ ಹೋಸ್‌ಗೆ ಐಪಿ ಗೇಜ್ ಸಿಕ್ಕಿಸಿ. ಈ ಗೇಜ್ ದುಬಾರಿ ಅಲ್ಲ. ಸೆಕೆಂಡ್ ಸ್ಟೇಜ್‌ನ ಪರ್ಜ್ ಬಟನ್ (ಒತ್ತಿದರೆ ಗಾಳಿ ಬಿಡುವ ಗುಂಡಿ) ಕೆಲವು ಸಲ ಒತ್ತಿ ಬಿಡಿ. ಮುಳ್ಳು ಇಳಿದು, ತಕ್ಷಣ ಮೇಲೆ ಬಂದು, ಒಂದು ಕಡೆ ನಿಲ್ಲಬೇಕು. ನಿಲ್ಲದೆ ನಿಧಾನವಾಗಿ ಏರುತ್ತಲೇ ಇದ್ದರೆ ಒಳಗಿನ ಸೀಟ್ ಸವೆದಿದೆ, ಸ್ವಲ್ಪ ಹೊತ್ತಿಗೆ ಸೆಕೆಂಡ್ ಸ್ಟೇಜ್ ತಾನಾಗಿಯೇ ಸೋರಲು ಶುರುಮಾಡುತ್ತದೆ. ಸಾಧ್ಯವಾದರೆ ತುಂಬಿದ ಟ್ಯಾಂಕ್ ಒಂದು, 50 ಬಾರ್ ಉಳಿದ ಟ್ಯಾಂಕ್ ಒಂದು, ಎರಡಕ್ಕೂ ಹಾಕಿ ನೋಡಿ. ಬ್ಯಾಲೆನ್ಸ್ಡ್ ಅಂದರೆ ಏನು ಅಂತ ಆ ಗೇಜ್‌ನಲ್ಲೇ ಕಾಣುತ್ತದೆ.

ಕ್ರ್ಯಾಕಿಂಗ್ ಎಫರ್ಟ್ ನೋಡಲು ಒಂದು ಬಕೆಟ್ ನೀರು ಸಾಕು. ಗಾಳಿ ತೆರೆದಿಟ್ಟು, ಸೆಕೆಂಡ್ ಸ್ಟೇಜ್‌ನ ಮೌತ್‌ಪೀಸ್ ಮೇಲೆ ಬರುವಂತೆ ಹಿಡಿದು ನಿಧಾನವಾಗಿ ನೀರಿಗೆ ಇಳಿಸಿ. ಮೌತ್‌ಪೀಸ್ ಒಳಗೆ ನೀರು ಹೋಗಬಾರದು. ಸುಯ್ ಅಂತ ಸದ್ದು ಶುರುವಾದಾಗ ಡಯಾಫ್ರಮ್ ಮೇಲೆ ಎಷ್ಟು ನೀರು ನಿಂತಿದೆಯೋ ಅಷ್ಟೇ ಅದರ ಕ್ರ್ಯಾಕಿಂಗ್ ಎಫರ್ಟ್. ಎರಡು ಇಂಚು ದಾಟಿದರೆ ಟ್ಯೂನ್ ಮಾಡಿಸಬೇಕು.

ನೀಲಿಫಿನ್ಸ್ (ಮೈಸೂರು)

ಹಾಗಾದರೆ ಅರ್ಧ ಇಂಚಿಗೆ ಇಳಿಸಿದರೆ ಇನ್ನೂ ಹಗುರ ಆಗುವುದಿಲ್ಲವಾ?

ಸ್ಪ್ಯಾನರ್ (ಕಾರವಾರ)

ಆಗುತ್ತದೆ, ಆದರೆ ತಲೆ ತಿರುಗಿಸಿದಾಗೆಲ್ಲ ಗಾಳಿ ಸೋರುತ್ತದೆ. ಹಳೇಹೋಸ್ ಹೇಳಿದ ಎತ್ತರದ ಲೆಕ್ಕ ಇಲ್ಲೂ ಇದೆ. ಡಯಾಫ್ರಮ್ ಮತ್ತು ಎಕ್ಸಾಸ್ಟ್ ವಾಲ್ವ್ ನಡುವೆ ಇರುವ ಸ್ವಲ್ಪ ಎತ್ತರದ ವ್ಯತ್ಯಾಸಕ್ಕಿಂತ ಕ್ರ್ಯಾಕಿಂಗ್ ಕಡಿಮೆ ಮಾಡಿದರೆ, ಕೆಲವು ಭಂಗಿಗಳಲ್ಲಿ ವಾಲ್ವ್ ತಾನೇ ತೆರೆಯುತ್ತದೆ. ನಾನು ಒಂದು ಇಂಚಿನ ಹತ್ತಿರ ನಿಲ್ಲಿಸುತ್ತೇನೆ. ಪ್ರೀ-ಡೈವ್, ಡೈವ್ ಅಂತ ಬರೆದ ಲಿವರ್ ಬೇರೆ. ಅದು ವಾಲ್ವ್ ತೆರೆದ ಮೇಲೆ ಗಾಳಿ ಎಷ್ಟು ನೇರವಾಗಿ ಬಾಯಿಗೆ ನುಗ್ಗಬೇಕು ಅನ್ನುವುದನ್ನು ಬದಲಿಸುತ್ತದೆ. ನೀರಿಗೆ ಹಾರುವಾಗ ಪ್ರೀ-ಡೈವ್, ಇಳಿದ ಮೇಲೆ ಡೈವ್. ಎಷ್ಟೋ ಜನ ಇದನ್ನು ಬದಲಿಸದೆಯೇ ಡೈವ್ ಮುಗಿಸಿ ಬಂದು ಬಿಗಿ ಅನ್ನುತ್ತಾರೆ. ಕಡಲಹಾದಿ ಅವರೇ, ನಿಮ್ಮ ಬಾಡಿಗೆ ಸೆಟ್‌ನಲ್ಲಿ ಇದು ಹೇಗಿತ್ತು ನೆನಪಿದೆಯಾ?

ಚಳಿನೀರು (ಇಂಗ್ಲೆಂಡ್)

ಮೌತ್‌ಪೀಸ್ ವಿಷಯ ಸೇರಿಸುತ್ತೇನೆ. ದವಡೆ ನೋಯುತ್ತಿದ್ದರೆ ಉಸಿರೂ ಕಷ್ಟ ಅನ್ನಿಸುತ್ತದೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಹಲ್ಲಿನ ಅಚ್ಚಿಗೆ ಕೂರಿಸುವ ಮೌತ್‌ಪೀಸ್ ಸಿಗುತ್ತದೆ. ರೆಗ್ಯುಲೇಟರ್ ಬೆಲೆಯ ಮುಂದೆ ಅದು ಏನೇನೂ ಅಲ್ಲ. ಹೋಸ್ ಗಿಡ್ಡ ಇದ್ದು ಬಾಯಿಯನ್ನು ಬಲಕ್ಕೆ ಎಳೆಯುತ್ತಿದ್ದರೆ ಸ್ವಲ್ಪ ಉದ್ದದ್ದು ಹಾಕಿಸಿ.

ಕಡಲಹಾದಿ (ಬೆಂಗಳೂರು)

ಸ್ಪ್ಯಾನರ್ ಸರ್, ಲಿವರ್ ಕಡೆ ನಾನು ಗಮನ ಕೊಟ್ಟಿರಲಿಲ್ಲ. ಮುಂದಿನ ಸಲ ನೋಡುತ್ತೇನೆ. ಆ ಡಯಾಫ್ರಮ್ ಸೆಟ್ ನೋಡಲು ಈ ಭಾನುವಾರ ಹೋಗುತ್ತಿದ್ದೇನೆ. ಫಿಲ್ಟರ್, ಐಪಿ, ಬಕೆಟ್ ಪರೀಕ್ಷೆ ಮೂರೂ ಮಾಡುತ್ತೇನೆ. ಸರಿ ಇದ್ದರೆ ತೆಗೆದುಕೊಂಡು ನೇರವಾಗಿ ಸರ್ವಿಸ್‌ಗೆ ಕೊಡುತ್ತೇನೆ. ಸರಿ ಇಲ್ಲದಿದ್ದರೆ ಹೊಸ ಎಂಕೆ2, ಆರ್195. ಕೊನೆಯ ಪ್ರಶ್ನೆ, ಡೈವ್ ಆದ ಮೇಲೆ ಸಿಹಿನೀರಿನಲ್ಲಿ ತೊಳೆಯುವಾಗ ಪರ್ಜ್ ಒತ್ತಬಹುದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಸ್ಪ್ಯಾನರ್ (ಕಾರವಾರ)

ಟ್ಯಾಂಕ್‌ಗೆ ಸೇರಿಸಿ ಗಾಳಿ ತೆರೆದಿದ್ದರೆ ಒತ್ತಬಹುದು. ಟ್ಯಾಂಕ್‌ನಿಂದ ತೆಗೆದ ಮೇಲೆ ಒತ್ತಬೇಡಿ. ಒತ್ತಿದರೆ ವಾಲ್ವ್ ತೆರೆದು ನೀರು ಹೋಸ್‌ನೊಳಗೆ ಹೋಗುತ್ತದೆ, ಅಲ್ಲಿಂದ ಫಸ್ಟ್ ಸ್ಟೇಜ್‌ಗೂ ಇಳಿಯುತ್ತದೆ. ಡಸ್ಟ್ ಕ್ಯಾಪ್ ಒಣಗಿಸಿ ಹಾಕಿದ ಮೇಲೆಯೇ ನೀರಿಗೆ ಇಡಿ. ಕ್ಯಾಪ್ ಒಣಗಿಸಲು ಟ್ಯಾಂಕ್ ಗಾಳಿಯನ್ನು ಜೋರಾಗಿ ಬಿಡುವವರಿದ್ದಾರೆ. ಆಗ ನೀರಿನ ಹನಿ ಫಿಲ್ಟರ್ ಒಳಗೇ ಚಿಮ್ಮಬಹುದು, ಬಟ್ಟೆಯಲ್ಲಿ ಒರೆಸಿದರೆ ಸಾಕು. ಒಂದಷ್ಟು ಹೊತ್ತು ನೆನೆಸಿಟ್ಟರೆ ಉಪ್ಪು ಕರಗುತ್ತದೆ. ಆಮೇಲೆ ನೆರಳಲ್ಲಿ ತೂಗುಹಾಕಿ, ಬಿಸಿಲಿಗೆ ಬೇಡ. ಭಾನುವಾರ ಐಪಿ ಎಷ್ಟು ತೋರಿಸಿತು, ಮುಳ್ಳು ನಿಂತಿತಾ ಅಂತ ಇಲ್ಲೇ ಬರೆಯಿರಿ. ಫಿಲ್ಟರ್‌ನ ಫೋಟೋನೂ ಹಾಕಿ, ನೋಡಿ ಹೇಳುತ್ತೇನೆ.